ಕೊನೆಯ ಪದರ

ನೂರೀನ್ ರಯೀಸನಿಗೆ ಆಡಿದ ಮೊಟ್ಟಮೊದಲ ಮಾತು: "ಕೈ ತೊಳೀರಿ!"

ಹೆಣ್ಣು ನೋಡಲು ಬಂದ ಗಂಡಿಗೆ ಹೆಣ್ಣು ಹೇಳುವ ಮಾತೇ ಇದು? ಅದೂ ಮನೆ ಅದುರುವಂತೆ ಚೀರಿ. ಅದೂ, ಜುಮ್ಮಾ ನಮಾಜು ಮುಗಿಸಿ, ಗಂಜಿ ಹಾಕಿದ ಬಿಳಿ ಕುರ್ತಾ ತೊಟ್ಟು, ಸಕಲೇಶಪುರದ ಅಸಾದುಲ್ಲಾ ಸಾಹೇಬರ ಸೋಫಾದ ತುದಿಯಲ್ಲಿ ಎಲ್ಲಿ ಸುಕ್ಕಾಗುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿದ್ದವನಿಗೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಯೀಸ್ ತನ್ನ ಉಗುರು ನೋಡಿಕೊಂಡ. ಅವನದು ಬಸ್ ಸ್ಟ್ಯಾಂಡಿನ ಹಿಂದೆ ಪಲ್ಪರ್ ರಿಪೇರಿಯ ವರ್ಕ್‌ಶಾಪು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರಗಳ ಗ್ರೀಸು ಹತ್ತು ವರ್ಷದಿಂದ ಅವನ ಬೆರಳ ಗೆರೆಗಳಲ್ಲಿ ಮನೆ ಮಾಡಿತ್ತು. ಅವತ್ತು ಬೆಳಿಗ್ಗೆ ಸೀಮೆಎಣ್ಣೆ, ಆಮೇಲೆ ಮರದ ಪುಡಿ, ಆಮೇಲೆ ಬಟ್ಟೆ ಸೋಪು, ಕೊನೆಗೆ ನಿಂಬೆಹಣ್ಣು ಹಾಕಿ ಉಜ್ಜಿದ್ದ. ಅಷ್ಟಾದರೂ ಉಗುರಿನ ಅಂಚಿಗೆ ಯಾರೋ ಕಾಡಿಗೆ ತೀಡಿದಂತಿತ್ತು. ಹಿಂದೆ ಎರಡು ಮನೆಯವರು "ಹುಡುಗ ಚಿನ್ನ, ಆದ್ರೆ ಕೈ..." ಎಂದು ರಾಗ ಎಳೆದು ಸುಮ್ಮನಾಗಿದ್ದರು.

"ರಯೀಸ್, ಏಳು," ಎಂದರು ಅವನ ತಾಯಿ ಆಯಿಷಾ. ಅವರ ಮುಂದಿದ್ದ ಶೀರ್ ಖುರ್ಮಾ ಪಾಯಸದ ಬಟ್ಟಲಿಗೆ ಇನ್ನೂ ಚಮಚ ತಾಗಿರಲಿಲ್ಲ.

"ಅಯ್ಯೋ ಹಾಗಲ್ಲ! ಅದು ಅತ್ತರಲ್ಲ! ನನ್ನ ಸ್ಯಾಂಪಲ್ಲು! ಚರ್ಮಕ್ಕೆ ಒಳ್ಳೇದಲ್ಲ!" ಎಂದು ನೂರೀನ್ ಟ್ರೇ ಹಿಡಿದುಕೊಂಡೇ ಕೂಗುತ್ತಿದ್ದಳು. ಅಷ್ಟರಲ್ಲಿ ಆಯಿಷಾ ಚಪ್ಪಲಿ ಮೆಟ್ಟಿ ಗೇಟು ದಾಟಿದ್ದರು.

ನಡೆದದ್ದು ಇಷ್ಟು. ಮನೆಗೆ ಬಂದವರ ಮಣಿಕಟ್ಟಿಗೆ ಅತ್ತರು ಸವರದೆ ಕಳಿಸುವುದು ಅಸಾದುಲ್ಲಾ ಸಾಹೇಬರ ಜಾಯಮಾನವಲ್ಲ. ಮೂರು ಲಾರಿಗಳ ಮಾಲೀಕ, ಲಾರಿಗಳ ಸ್ಟಿಯರಿಂಗಿಗೂ ಅತ್ತರು ಹಚ್ಚುವ ಮನುಷ್ಯ. ಮೈಸೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡುವ ಮಗಳು ಮಂಗಳೂರಿನಿಂದ ವಾಪಸು ಹೋಗುವ ದಾರಿಯಲ್ಲಿ ಎರಡು ದಿನಕ್ಕೆ ಮನೆಗೆ ಬಂದಿದ್ದಳು. ಅವಳ ಬಿಸ್ಕತ್ತಿನ ಡಬ್ಬಿಯಲ್ಲಿ ಬೆರಳುದ್ದದ ಒಂದು ಗಾಜಿನ ಸೀಸೆ, ಅದಕ್ಕೆ ಮೂರು ಸುತ್ತು ಪ್ಲಾಸ್ಟಿಕ್ಕು, ಸುತ್ತಲೂ ತೇವ ಹೀರುವ ಮಣಿಗಳ ಪುಟ್ಟ ಚೀಲಗಳು. ಸಾಹೇಬರ ಕಣ್ಣಲ್ಲಿ ನೀರೇ ಬಂತು. ಮದುವೆಯ ಮಾತೆತ್ತಿದರೆ ಸಿಡುಕುತ್ತಿದ್ದ ಹುಡುಗಿ, ಬರುವ ಗಂಡಿಗೆಂದು ಗುಟ್ಟಾಗಿ ಇಷ್ಟು ಜೋಪಾನ ಮಾಡಿ ಅತ್ತರು ತಂದಿದ್ದಾಳೆ! ಸೀಲು ಕಿತ್ತರು, ಗಾಜಿನ ಕಡ್ಡಿ ಅದ್ದಿದರು, ರಯೀಸನ ಮಣಿಕಟ್ಟಿಗೆ ಎಳೆದರು.

ರಯೀಸ್ ಮೂಸಿದ. ವಾಸನೆಯೇ ಇಲ್ಲ. ಭಾವಿ ಮಾವನ ಮುಖ ನೋಡಿ "ವಾಹ್" ಎಂದ. ಆದರೆ ಮೆಕ್ಯಾನಿಕ್ಕಿನ ಕೈ ಸುಮ್ಮನಿರಬೇಕಲ್ಲ. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಾಕಿ ತಿಕ್ಕಿ ನೋಡಿದ. ಎಣ್ಣೆಯಲ್ಲ, ಗ್ರೀಸಲ್ಲ. ಎಷ್ಟು ಒತ್ತಿದರೂ ನಡುವೆ ಏನೋ ಒಂದು ಉಳಿದೇ ಇದೆ. "ಹೋಗ್ತಾನೇ ಇಲ್ವಲ್ಲ ಇದು," ಎಂದು ಗೊಣಗಿದ ಗಳಿಗೆಗೇ ಬಾಗಿಲಲ್ಲಿ ನೂರೀನ್ ಕಾಣಿಸಿಕೊಂಡಿದ್ದು. ಹಸಿರು ದುಪಟ್ಟಾ, ಮೂಗಿನ ಮೇಲೆ ಜಾರಿದ ಕನ್ನಡಕ, ಅದರ ಹಿಂದೆ ಇಷ್ಟಗಲ ತೆರೆದ ಕಣ್ಣು. ಬೈಗುಳದಂಥ ಮಾತು ಕೇಳಿದ್ದೂ ನಿಜ, ಆ ಕಣ್ಣು ಚಂದ ಅನ್ನಿಸಿದ್ದೂ ನಿಜ.

ಮನೆಗೆ ಬಂದ ಮೇಲೆ ಆಯಿಷಾ ತೀರ್ಪು ಕೊಟ್ಟರು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಆ ಮನೆ ಮಾತು ಇನ್ನು ಎತ್ತಬೇಡ."

"ಅಮ್ಮೀ, ಅದೇನೋ ಕೆಮಿಕಲ್ ಅಂತೆ."

"ಕೆಮಿಕಲ್ ಆದ್ರೆ ಸೀಸೆ ಹಿಡಿದಿದ್ದ ಅವಳಪ್ಪನಿಗೆ ಯಾಕೆ ಕೈ ತೊಳಿ ಅನ್ಲಿಲ್ಲ? ನಿನಗೊಬ್ಬನಿಗೇ ಯಾಕಂದ್ಲು?"

ರಯೀಸ್ ಮತ್ತೆ ಉಗುರು ನೋಡಿಕೊಂಡ. ಅದೇ ಪ್ರಶ್ನೆ ಅವನನ್ನೂ ಚುಚ್ಚುತ್ತಿತ್ತು.

ಮಾರನೆ ದಿನ ಬೆಳಿಗ್ಗೆ ಹತ್ತು ಗಂಟೆಗೆ ವರ್ಕ್‌ಶಾಪಿನ ಮುಂದೆ ಅಸಾದುಲ್ಲಾ ಸಾಹೇಬರ ಲಾರಿ ನಿಂತಿತು. ಮೊದಲು ಇಳಿದವನು ನೂರೀನಳ ತಮ್ಮ ಫರ್ಹಾನ್, ಆಮೇಲೆ ಅವಳ ಸೋದರತ್ತೆ ಫಾಯಿಜಾ, ಆಮೇಲೆ ಊರುಗೋಲು, ಊರುಗೋಲಿನ ಹಿಂದೆ ಅವಳ ದಾದಿ, ಅಂದರೆ ಅಪ್ಪನ ತಾಯಿ. ಎಲ್ಲರ ಹಿಂದೆ ಬಿಸ್ಕತ್ತಿನ ಡಬ್ಬಿ ಎದೆಗವಚಿಕೊಂಡ ನೂರೀನ್.

"ನಿನ್ನೆ ಆಗಿದ್ದು ಹೊಟ್ಟೆಗೆ ಹಾಕ್ಕೊಳ್ಳಿ," ಎಂದಳು ಮೂವರ ತಲೆಗಳ ನಡುವಿನಿಂದ. "ಕೈ ಉರಿತಾ ಇದೆಯಾ?"

"ಇಲ್ಲ. ಗ್ರೀಸಿನ ಕೈಗೆ ಏನೂ ತಟ್ಟಲ್ಲ," ಎಂದ ರಯೀಸ್, ಬೇಕೆಂದೇ ಚೂರು ಬಿಗುವಾಗಿ.

ಅವಳ ಕಣ್ಣು ಅವನನ್ನು ಬಿಟ್ಟು ಹಿಂದಿನ ಮೂಲೆಗೆ ಹೋಯಿತು. ಹೋದದ್ದು ಅಲ್ಲೇ ನಾಟಿತು. ಹೆಂಗಸರು ಒಡವೆ ಅಂಗಡಿಯಲ್ಲಿ ಹಾಗೆ ನೋಡುವುದನ್ನು ಅವನು ಕಂಡಿದ್ದ. "ಅದು... ವ್ಯಾಕ್ಯೂಮ್ ಪಂಪಾ?"

"ಹೌದು. ಪಲ್ಪರ್ ಕೆಲಸ ಇಲ್ಲದಾಗ ಫ್ರಿಜ್ ರಿಪೇರಿ ಮಾಡ್ತೀನಿ. ಗ್ಯಾಸ್ ತುಂಬೋ ಮೊದಲು ಪೈಪಿನೊಳಗಿನ ಗಾಳಿ ಎಳೆಯೋಕೆ."

ನೂರೀನ್ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಕಷ್ಟ ಹೇಳಿಕೊಂಡಳು. ಸೀಸೆಯಲ್ಲಿರುವುದು ಅಯಾನಿಕ್ ಲಿಕ್ವಿಡ್. ಮಂಗಳೂರಿನ ಗೆಳತಿ ನಾಲ್ಕು ತಿಂಗಳು ಶುದ್ಧ ಮಾಡಿ ಕೊಟ್ಟದ್ದು. ಸೋಮವಾರ ಬೆಳಿಗ್ಗೆ ಲ್ಯಾಬಿನ ದೊಡ್ಡ ಯಂತ್ರದಲ್ಲಿ ಅವಳ ಸರದಿ. ತಪ್ಪಿದರೆ ಮುಂದಿನ ಸರದಿ ಏಳು ತಿಂಗಳ ಮೇಲೆ, ಥೀಸಿಸ್ಸೂ ಅಷ್ಟೇ ಹಿಂದೆ. ಆ ದ್ರವಕ್ಕೆ ತೇವವೆಂದರೆ ಪ್ರಾಣ. ಗಾಳಿಗೆ ಬಿಟ್ಟರೆ ನೀರು ಕುಡಿಯುತ್ತಾ ಹೋಗುತ್ತದೆ. ಅಬ್ಬಾಜಾನ್ ಅದನ್ನು ಬಿಚ್ಚಿದ್ದು ಜುಲೈ ತಿಂಗಳ ಸಕಲೇಶಪುರದಲ್ಲಿ.

"ಬಿಸಿ ಮಾಡಿ, ಎರಡು ದಿನ ಗಾಳಿ ಎಳೆದ್ರೆ ನೀರು ಆವಿಯಾಗಿ ಹೋಗುತ್ತೆ. ಇದು ಮಾತ್ರ ಹೋಗಲ್ಲ. ಉಪ್ಪು ಇದು, ದ್ರವವಾಗಿರೋ ಉಪ್ಪು. ಆವಿಯಾಗೋ ಸ್ವಭಾವಾನೇ ಇಲ್ಲ."

ರಯೀಸ್ ಯೋಚಿಸಿದ. "ಅಂದ್ರೆ ಅತ್ತರಿಗೆ ತದ್ವಿರುದ್ಧ. ಅತ್ತರಿನ ಬೆಲೆ ಇರೋದೇ ಅದು ಹಾರಿಹೋಗೋದ್ರಲ್ಲಿ. ಇದು ಉಳಿಯೋ ಜಾತಿ."

ನೂರೀನ್ ಕನ್ನಡಕ ಮೇಲೆ ಸರಿಸಿ ಅವನನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. "ಐದು ವರ್ಷದಿಂದ ಇದನ್ನ ಮನೆಯವರಿಗೆ ಹೇಳೋಕೆ ನೋಡ್ತಿದ್ದೀನಿ," ಎಂದಳು.

ಬಿಗುವು ಅಲ್ಲಿಗೆ ಮುಗಿಯಿತು. ದಪ್ಪ ಗಾಜಿನ ಬಾಟಲಿ, ರಬ್ಬರು ಬಿರಡೆ, ಬಿಸಿನೀರಿನ ಪಾತ್ರೆ, ಥರ್ಮಾಮೀಟರು, ಪೈಪಿಗೊಂದು ವಾಲ್ವು, ಒತ್ತಡದ ಮೀಟರು ಎಲ್ಲ ಜೋಡಿಸಿದರು. ಪಂಪಿನ ಎಣ್ಣೆಯ ಆವಿ ಹಿಂದಕ್ಕೆ ಬಂದು ಸ್ಯಾಂಪಲ್ಲಿಗೆ ಸೇರಬಾರದೆಂದು ಅವಳು ಪಟ್ಟು ಹಿಡಿದಳು. ಅವನು ತಾಮ್ರದ ಪೈಪನ್ನು ಸುರುಳಿ ಸುತ್ತಿ, ಬಕೆಟ್ಟಿನಲ್ಲಿ ಐಸು ತುಂಬಿ ಅದರೊಳಗೆ ಇಳಿಸಿದ. ಆವಿ ಅಲ್ಲೇ ತಣಿದು ಹಿಡಿಯುತ್ತದೆ. ಐಸು ಎಲ್ಲಿಂದ? ಮೀನು ಮಾರ್ಕೆಟ್ಟಿನಿಂದ. ಹಾಗಾಗಿ ವಿಜ್ಞಾನಕ್ಕೆ ಬಂಗುಡೆಯ ಪರಿಮಳ ಸೇರಿತು.

ಪಂಪು ಸದ್ದು ಮಾಡಿತು. ಬಾಟಲಿಯ ತಳದಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಎದ್ದವು. ಬಾಟಲಿಯ ಆ ಕಡೆ ರಯೀಸ್, ಈ ಕಡೆ ನೂರೀನ್, ನಡುವಿನ ಬೆಂಚಿನ ಮೇಲೆ ಸಾಲಾಗಿ ಮೂವರು ಕಾವಲುಗಾರರು.

"ಈ ಉಪ್ಪು ಇಟ್ಕೊಂಡು ನೀವು ಏನು ಮಾಡ್ತೀರಿ?" ಎಂದು ಅವನು ಫಾಯಿಜಾರ ಭುಜದ ಮೇಲಿಂದ ಕೇಳಿದ.

"ಕಾಗೆಬಂಗಾರದ ಎರಡು ನುಣುಪು ಹಾಳೆಗಳ ನಡುವೆ ಒಂದು ಹನಿ ಹಾಕಿ ಒತ್ತುತ್ತೀನಿ. ಸಂತೆ ದಿನದ ಬೆಳಗೋಡು ಬಸ್ಸು ನೋಡಿದ್ದೀರಲ್ಲ? ಬಸ್ ಸ್ಟ್ಯಾಂಡಲ್ಲಿ ಜನ ಹೆಂಗೆಂಗೋ ಓಡಾಡ್ತಾರೆ. ಅದೇ ಜನ ಬಸ್ಸಿನೊಳಗೆ ಒತ್ತಿದಾಗ?"

"ಸಾಲಾಗಿ ನಿಲ್ತಾರೆ. ಅಲ್ಲಾಡೋಕಾಗಲ್ಲ."

"ಇದೂ ಹಾಗೇ. ಜಾಗ ಇದ್ದಾಗ ದ್ರವ. ಇಕ್ಕಟ್ಟಾದಾಗ ಪದರ ಪದರವಾಗಿ ನಿಲ್ಲುತ್ತೆ. ಪ್ಲಸ್ ಕಣದ ಪಕ್ಕ ಮೈನಸ್ಸು, ಮೈನಸ್ಸಿನ ಪಕ್ಕ ಪ್ಲಸ್ಸು. ಹೆಚ್ಚು ಕಡಿಮೆ ಗಟ್ಟಿ ವಸ್ತುವಿನ ತರ. ಇನ್ನೂ ಒತ್ತಿದ್ರೆ ಎಣ್ಣೆ ಹಾಗೆ ಮೆಲ್ಲಗೆ ಜಾರಿ ಹೋಗಲ್ಲ. ತಡೀತದೆ, ತಡೀತದೆ, ಆಮೇಲೆ ದಿಢೀರಂತ ಒಂದು ಪದರ ಹೊರಗೆ. ಮತ್ತೆ ತಡೀತದೆ. ಮತ್ತೊಂದು ಪದರ."

ಆಗಲೇ ಫರ್ಹಾನನ ಫೋನು ಹೊಡೆದುಕೊಂಡಿತು. "ಸಿಗ್ನಲ್ ಇಲ್ಲ," ಎಂದು ಅವನು ರಸ್ತೆಗೆ ಹೋದವನು ತಿರುಗಿ ಬರಲಿಲ್ಲ. ಫಾಯಿಜಾ ಇನ್ನರ್ಧ ಗಂಟೆ ತಡೆದರು. ಆಮೇಲೆ ಬಂಗುಡೆಯ ಬಕೆಟ್ಟು ನೋಡಿ, ಮೂಗಿಗೆ ಸೆರಗು ಹಿಡಿದು, "ನಂಗೆ ತಲೆ ಸುತ್ತುತ್ತೆ," ಎಂದು ದಿಢೀರನೆ ಎದ್ದು ಲಾರಿ ಹತ್ತಿದರು.

ನೂರೀನ್ ಬಾಟಲಿ ನೋಡುತ್ತಲೇ ಮೆಲ್ಲಗೆ, "ಎರಡು ಪದರ ಹೋಯ್ತು," ಎಂದಳು.

ರಯೀಸನಿಗೆ ನಗು ತಡೆಯಲಾಗಲಿಲ್ಲ; ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬೆಂಚಿನ ಕೆಳಗೆ ಬಗ್ಗಿದ. "ಕೊನೇದು?" ಎಂದು ಅಲ್ಲಿಂದಲೇ ಕೇಳಿದ.

"ಕೊನೇದು ಹೋಗಲ್ಲ. ಎಷ್ಟೇ ಒತ್ತಿದ್ರೂ ಮೇಲ್ಮೈಗೆ ಅಂಟ್ಕೊಂಡಿರುತ್ತೆ."

ಇಬ್ಬರೂ ದಾದಿಯ ಕಡೆ ನೋಡಿದರು. ದಾದಿ ಬೆಂಚಿನ ಮಧ್ಯಕ್ಕೆ ಸರಿದು, ಊರುಗೋಲನ್ನು ಎರಡು ಕಾಲ ನಡುವೆ ನೆಟ್ಟು, ಕೈಯಲ್ಲಿ ಜಪಮಾಲೆ ತಿರುಗಿಸುತ್ತಾ, "ನಂಗೆ ಮೀನಿನ ವಾಸನೆ ಇಷ್ಟ," ಎಂದರು.

ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಯಸಳೂರಿನ ಜವರಪ್ಪ ಬಂದ. ಅವನ ಪಲ್ಪರ್ ಬಿಚ್ಚಿ ಹಾಕಿ ಹದಿನೈದು ದಿನವಾಗಿತ್ತು. "ಏನಪ್ಪಾ ರಯೀಸು, ನನ್ ಪಲ್ಪರ್ ಬುಟ್ಟು ಇದೇನ್ ಕುದಿಸ್ತಾ ಕುಂತಿದ್ದೀಯ?"

"ಉಪ್ಪು ಜವರಪ್ಪಣ್ಣ."

"ಉಪ್ಪಾ?" ಜವರಪ್ಪ ಬಾಟಲಿ ನೋಡಿದ, ದಾದಿಯನ್ನು ನೋಡಿದ, ನೂರೀನಳನ್ನು ನೋಡಿದ. ಅವನ ಮೀಸೆ ಅರಳಿತು. "ಕುದಿಸು, ಕುದಿಸು. ಡಿಸೆಂಬರ್ ಕೊಯ್ಲಿನಗಂಟ ನಂಗೇನ್ ಅರ್ಜೆಂಟ್ ಇಲ್ಲ ಕಣೋ."

ಸಂಜೆ ವಾಲ್ವು ಬಿಗಿದು ಮುಚ್ಚಿ ಎಲ್ಲರೂ ಮನೆಗೆ ಹೋದರು. ಭಾನುವಾರ ಮತ್ತೆ ಶುರು. ಮಧ್ಯಾಹ್ನದ ಹೊತ್ತಿಗೆ ಗುಳ್ಳೆಗಳು ವಿರಳವಾಗಿ, ಒಂದೊಂದೇ ಏಳತೊಡಗಿದವು. ಇನ್ನೆರಡು ಗಂಟೆ ಸಾಕು, ನಾಲ್ಕರ ಹಾಸನದ ಬಸ್ಸು ಹಿಡಿಯಬಹುದು ಎಂದು ನೂರೀನ್ ಲೆಕ್ಕ ಹಾಕುತ್ತಿದ್ದಳು. ಆಗ ಕರೆಂಟು ಹೋಯಿತು.

ಪಂಪು ನಿಂತಿತು. ರಯೀಸ್ ವಾಲ್ವು ತಿರುಗಿಸಿದ. ಹಿಂದಿನ ಸಂಜೆ ಅತಿಯಾಗಿ ಬಿಗಿದದ್ದಕ್ಕೆ ಒಳಗಿನ ರಬ್ಬರು ಹರಿದಿತ್ತು. ಸುಸ್ಸೆಂದು ಸಣ್ಣ ಸದ್ದು, ಮೀಟರಿನ ಮುಳ್ಳು ನಡುಗಿತು. ಹೊರಗಿನ ಒದ್ದೆ ಗಾಳಿ ಒಳಗೆ ನುಗ್ಗಲು ಕಾದು ಕೂತಿತ್ತು. ನೂರೀನಳ ಮುಖ ಬಿಳಿಚಿತು.

ರಯೀಸ್ ಬಾಟಲಿಯ ಬಿರಡೆಯಿಂದ ಹೊರಟ ದಪ್ಪ ರಬ್ಬರು ಪೈಪನ್ನು ಎರಡಾಗಿ ಮಡಚಿ ಬೆರಳಲ್ಲಿ ಹಿಸುಕಿ ಹಿಡಿದ. ಸದ್ದು ನಿಂತಿತು.

"ಹೊರಗೆ ಜನರೇಟರ್ ಐತೆ. ಹಗ್ಗ ಎಳೀರಿ!"

ನೂರೀನ್ ಓಡಿದಳು, ಎಳೆದಳು, ಜನರೇಟರ್ ಕೆಮ್ಮಿ ಸುಮ್ಮನಾಯಿತು. ಅವತ್ತೂ ನೋಡಲು ಬಂದು ಹೊರಗೆ ನಿಂತಿದ್ದ ಜವರಪ್ಪ ಕೊಡೆ ಮಡಚಿ, "ಬುಡವ್ವ, ನಿನ್ ಕೈಲಾಗಲ್ಲ," ಎಂದು ಹಗ್ಗ ಕಿತ್ತುಕೊಂಡ. ಅವನ ಕೈಲೂ ಆಗಲಿಲ್ಲ. ಅದರ ಅಪ್ಪ, ಅಜ್ಜ, ಕಂಪನಿ ಎಲ್ಲರನ್ನೂ ಬೈಯುತ್ತಾ ಎಳೆಯುತ್ತಲೇ ಇದ್ದ.

ಇಪ್ಪತ್ತು ನಿಮಿಷ. ಅಷ್ಟು ಹೊತ್ತು, ಒಳಗೆ ಬಂದ ನೂರೀನಳಿಗೆ ನೋಡಲು ಇದ್ದದ್ದು ಒಂದೇ: ಆ ಕೈ. ಉಗುರಿನಂಚಿನ ಕಪ್ಪು, ಹೆಬ್ಬೆರಳಿನ ಹಳೆಯ ಗಾಯದ ಕಲೆ, ಉಬ್ಬಿದ ನರ. ಬೆರಳ ಗೆಣ್ಣುಗಳು ಮೊದಲು ಕೆಂಪಾಗಿ ಆಮೇಲೆ ಬಿಳಿಯಾದವು. ರಯೀಸನಿಗೆ ಅವಳ ನೋಟ ಎಲ್ಲಿದೆಯೆಂದು ಗೊತ್ತಿತ್ತು. ಕೈಯನ್ನು ಬೆನ್ನ ಹಿಂದೆ ಬಚ್ಚಿಡಬೇಕೆನಿಸಿತು. ಬಚ್ಚಿಡುವಂತಿಲ್ಲ, ಅವಳ ಏಳು ತಿಂಗಳು ಅದರಲ್ಲಿದೆ.

"ನೋವಾಗ್ತಿದೆಯಾ?"

"ಇಲ್ಲ."

"ಸುಳ್ಳು. ನಾನು ಸ್ವಲ್ಪ ಹೊತ್ತು ಹಿಡೀಲಾ?"

"ಬೇಡ," ಎಂದರು ದಾದಿ, ಅವನು ಬಾಯಿ ತೆರೆಯುವ ಮೊದಲೇ.

ಜನರೇಟರ್ ಗುಡುಗಿತು. ಪಂಪು ಎದ್ದಿತು. ರಯೀಸ್ ಪೈಪು ಬಿಟ್ಟಾಗ ಬೆರಳು ಬಿಚ್ಚಿಕೊಳ್ಳಲೇ ಇಲ್ಲ, ಒಂದೊಂದಾಗಿ ಎತ್ತಬೇಕಾಯಿತು. ನೂರೀನಳ ಕೈ ಮುಂದೆ ಬಂದದ್ದು ದಾದಿಯ ಊರುಗೋಲು ನೋಡಿ ಅರ್ಧದಲ್ಲೇ ನಿಂತಿತು. ನಿಂತರೂ ಹಿಂದೆ ಹೋಗಲಿಲ್ಲ.

ಮೂರೂವರೆಗೆ ಗುಳ್ಳೆಗಳು ಪೂರ್ತಿ ನಿಂತವು. ಹೊಸ ಸೀಸೆ, ಹೊಸ ಸೀಲು, ಮತ್ತೆ ಬಿಸ್ಕತ್ತಿನ ಡಬ್ಬಿ. ಬಸ್ಸಿನ ಮೆಟ್ಟಿಲಲ್ಲಿ ನಿಂತು ನೂರೀನ್ ಏನೋ ಹೇಳಲು ಹೋದಳು, ಕಂಡಕ್ಟರ್ ರೈಟ್ ಎಂದುಬಿಟ್ಟ. ರಯೀಸ್ ಕೈ ಎತ್ತಿದ. ಉಗುರು ನೆನಪಾಗಿ ಅರ್ಧಕ್ಕೇ ಇಳಿಸಿದ. ಎರಡು ದಿನದಲ್ಲಿ ಮನಸ್ಸು ಪೂರ್ತಿ ಅವಳ ಹಿಂದೆ ಹೋಗಿಬಿಟ್ಟಿತ್ತು, ಕೇಳಬೇಕಾದ ಒಂದೇ ಪ್ರಶ್ನೆ ಮಾತ್ರ ಕೇಳದೆ ಉಳಿದಿತ್ತು. ಮನೆಯಲ್ಲಿ ಆಯಿಷಾ ಆಗಲೇ ಕುಂದೂರಿನ ಕಡೆ ಬೇರೊಂದು ಹುಡುಗಿಯ ವಿಚಾರ ಎತ್ತಿದ್ದರು. ಬರುವ ಶನಿವಾರ ಹೋಗಿ ನೋಡುವುದೆಂದೂ ಗೊತ್ತಾಗಿತ್ತು.

ಬುಧವಾರ ಮಧ್ಯಾಹ್ನ ದಾದಿ ಒಬ್ಬರೇ ಆಟೋದಲ್ಲಿ ಬಂದಿಳಿದರು. ಸೀದಾ ಅದೇ ಬೆಂಚಿನ ಮಧ್ಯೆ ಕೂತು, ಫೋನನ್ನು ತೊಡೆಯ ಮೇಲಿಟ್ಟು ಸ್ಪೀಕರ್ ಹಾಕಿದರು. "ಮಾತಾಡು. ಹುಡುಗ ಹುಡುಗಿ ನೇರ ಫೋನ್ ಮಾಡೋದು ನಮ್ಮಲ್ಲಿಲ್ಲ. ಅದಕ್ಕೇ ನಾನು ಬಂದೆ."

"ಬಂತು!" ಎಂದು ಫೋನು ಕಿರುಚಿತು. "ರಿಸಲ್ಟು ಮೆಟ್ಟಿಲು ಮೆಟ್ಟಿಲಾಗಿ ಬಂತು! ಒಂದು ಪದರ, ಎರಡು, ಮೂರು, ನಾಲ್ಕು! ನೀರಿದ್ದಿದ್ರೆ ಇಷ್ಟು ಚೊಕ್ಕವಾಗಿ ಬರ್ತಾನೇ ಇರ್ಲಿಲ್ಲ. ನಮ್ಮ ಸರ್ ಕೇಳಿದ್ರು, ಯಾವ ಲ್ಯಾಬಲ್ಲಿ ಒಣಗಿಸಿದ್ದು ಅಂತ. ಸಕಲೇಶಪುರ ಬಸ್ ಸ್ಟ್ಯಾಂಡ್ ಹಿಂದೆ ಅಂದೆ."

"ಕೊನೇ ಪದರ?"

"ಹೋಗಲಿಲ್ಲ. ಏನು ಮಾಡಿದ್ರೂ ಹೋಗಲಿಲ್ಲ."

"ಹೋಗಬಾರದು ಕಣ್ರೀ," ಎಂದ ರಯೀಸ್. "ಅದು ಹೋದ್ರೆ ಲೋಹಕ್ಕೆ ಲೋಹ ತಾಗಿ ಬೇರಿಂಗ್ ಸುಟ್ಟೋಗುತ್ತೆ. ಎರಡೂ ಕಡೆಯೋರು ಉಳಿಯೋದೇ ಆ ಒಂದು ಪದರದಿಂದ."

"ಬಾಯಿ ಚೆನ್ನಾಗೈತೆ ಇವನದು," ಎಂದರು ದಾದಿ ಫೋನಿಗೆ.

ಇನ್ನು ಕೇಳದಿದ್ದರೆ ಯಾವತ್ತೂ ಇಲ್ಲ. ರಯೀಸ್ ಫೋನಿನ ಹತ್ತಿರ ಬಗ್ಗಿದ. "ಒಂದು ಕೇಳ್ತೀನಿ, ನಿಜ ಹೇಳಿ. ಅವತ್ತು ಕೈ ತೊಳೀರಿ ಅಂದಿದ್ದು ಬರೀ ಕೆಮಿಕಲ್‌ಗೇನಾ? ನಿಮ್ಮಬ್ಬಾಗೆ ಯಾಕೆ ಹೇಳಲಿಲ್ಲ?"

ಫೋನಿನಿಂದ ಈ ಸಲ ಕಿರುಚದ, ಸಣ್ಣ ದನಿ ಬಂತು. "ಅಬ್ಬಾ ಹಿಡಿದಿದ್ದು ಕಡ್ಡಿ, ಅವರ ಚರ್ಮಕ್ಕೆ ತಾಗಿರ್ಲಿಲ್ಲ. ನೀವು ಬೆರಳಲ್ಲಿ ತಿಕ್ಕಿ 'ಹೋಗ್ತಾನೇ ಇಲ್ವಲ್ಲ' ಅಂದ್ರಿ. ಅಷ್ಟು ಸಣ್ಣ ಪದರ ಯಾರ ಬೆರಳಿಗೂ ಗೊತ್ತಾಗೋ ಅಂಥದ್ದಲ್ಲ, ನಿಮಗೂ ಗೊತ್ತಾಗಿರಲ್ಲ, ಅದು ಬೇರೆ ವಿಷಯ. ಆದ್ರೆ ತಿಕ್ಕಿ ನೋಡ್ಬೇಕು ಅನ್ನಿಸ್ತಲ್ಲ ನಿಮಗೆ. ಆಮೇಲೆ ಭಾನುವಾರ ಇಪ್ಪತ್ತು ನಿಮಿಷ ನೋಡಿದೆ. ಇಲ್ಲಿ ನಾವು ದಿನಕ್ಕೆ ಇಪ್ಪತ್ತು ಸಲ ಕೈ ತೊಳೀತೀವಿ ರಯೀಸ್, ಎಲ್ಲರ ಕೈಯೂ ಒಂದೇ ತರ ಕಾಣುತ್ತೆ. ನಿಮ್ಮ ಕೈ ಸಾವಿರ ಕೈಯಲ್ಲಿ ಇಟ್ರೂ ನಾನು ಗುರುತು ಹಿಡೀತೀನಿ. ನಂಗೆ ಆ ಕೈಯೇ ಬೇಕು. ದಾದಿ, ಈಗ ಫೋನ್ ಇಡು, ನಂಗೆ ನಾಚಿಕೆ ಆಗ್ತಿದೆ."

ದಾದಿ ಫೋನು ಇಟ್ಟರು. ರಯೀಸ್ ತಲೆ ಎತ್ತಿದರೆ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಆಯಿಷಾ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಅವರು ಡಬ್ಬಿ ಇಟ್ಟರು, ಮೂಗು ಒರೆಸಿಕೊಂಡರು, "ಮೀನಿನ ವಾಸನೆ," ಎಂದು ಹೇಳಿ ಹೊರಟುಹೋದರು. ಬಕೆಟ್ಟು ಖಾಲಿಯಾಗಿ ಮೂರು ದಿನವಾಗಿತ್ತು.

ಶುಕ್ರವಾರ ಜುಮ್ಮಾ ಮುಗಿಸಿ ರಯೀಸ್ ಜವರಪ್ಪನ ಪಲ್ಪರಿನೊಳಗೆ ಮೊಣಕೈವರೆಗೆ ಇಳಿದಿದ್ದ. ಆಯಿಷಾ ಡಬ್ಬಿ ವಾಪಸು ಒಯ್ಯಲೆಂದು ಬಂದು, ಕಾರಣವಿಲ್ಲದೆ ಸ್ಟೂಲಿನ ಮೇಲೆ ಕೂತೇ ಇದ್ದರು. ಕುಂದೂರಿನ ಮಾತು ಅವರೂ ತೆಗೆದಿರಲಿಲ್ಲ, ಅವನೂ ಕೇಳಿರಲಿಲ್ಲ. ಆಟೋ ಬಂದು ನಿಂತಿತು. ಊರುಗೋಲು ಇಳಿಯಿತು, ದಾದಿ ಇಳಿದರು, ಅವರ ಹಿಂದೆ ಮೈಸೂರಿನ ಬ್ಯಾಗು ಹೊತ್ತ ನೂರೀನ್ ಇಳಿದಳು.

ದಾದಿ ಬೆಂಚಿನ ಮಧ್ಯೆ ತಮ್ಮ ಜಾಗ ಹಿಡಿದರು. ನೂರೀನ್ ಆಯಿಷಾರಿಗೆ ಸಲಾಂ ಹೇಳಿ, ಬ್ಯಾಗಿನಿಂದ ಪುಟ್ಟ ಸೀಸೆ ತೆಗೆದಳು. "ಅವತ್ತು ನಮ್ಮನೇಲಿ ಅತ್ತರು ಹಾಕೋದು ಬಾಕಿ ಉಳೀತು," ಎಂದಳು. ಆಮೇಲೆ ರಯೀಸನ ಕಡೆ ತಿರುಗಿ, "ಕೈ ಕೊಡಿ," ಎಂದಳು.

ರಯೀಸ್ ಕೈ ಹೊರಗೆ ತೆಗೆದ. ಬೆರಳ ತುದಿಯಿಂದ ಮೊಣಕೈವರೆಗೆ ಕಪ್ಪು ಗ್ರೀಸು. ತಾಯಿಯನ್ನು ನೋಡಿದ, ಗಾಬರಿಯಾಗಿ ನಲ್ಲಿಯ ಕಡೆ ಓಡಲು ಹೋದ. "ಒಂದೇ ನಿಮಿಷ, ತೊಳ್ಕೊಂಡು ಬಂದೆ..."

"ತೊಳೀಬೇಡಿ," ಎಂದಳು ನೂರೀನ್.

ದಾದಿಯ ಜಪಮಾಲೆ ನಿಂತಿತು. ಅವಳು ದಾದಿಯ ತಲೆಯ ಮೇಲಿಂದ ಕೈ ಚಾಚಿ, ಗಾಜಿನ ಕಡ್ಡಿಯಿಂದ ಅವನ ಮಣಿಕಟ್ಟಿನ ಗ್ರೀಸಿನ ಮೇಲೇ ಒಂದು ಗೆರೆ ಎಳೆದಳು. ಎಳೆಯುವಾಗ ಅವನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ರಯೀಸನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ.

ಆಯಿಷಾ ಸ್ಟೂಲಿನಿಂದ ಎದ್ದರು. ಬಳೆ ಹಿಂದಕ್ಕೆ ಸರಿಸಿ, ತಮ್ಮ ಮಣಿಕಟ್ಟನ್ನು ನೂರೀನಳ ಮುಂದೆ ಚಾಚಿದರು.

"ನಂಗೂ ಹಾಕಮ್ಮ," ಎಂದರು. "ಇದಕ್ಕಾದ್ರೂ ವಾಸನೆ ಐತಾ ನೋಡ್ತೀನಿ."